ಬೋಲ್ಟ್ ಹಿಂದಿದ್ದರೆ ಸೇಫ್ ಅಂತ ಯಾರು ಹೇಳಿದ್ದು?

ಆಯುಧಪೂಜೆ ಬಂತೆಂದರೆ ನನ್ನ ಮೊಬೈಲಿಗೆ ಎರಡು ಥರದ ಫೋಟೋ ಬರುತ್ತವೆ. ಒಂದು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟ ಬೈಕು, ಕಾರುಗಳದ್ದು. ಇನ್ನೊಂದು, ಪೊಲೀಸ್ ಠಾಣೆಯಲ್ಲೋ ರಿಸರ್ವ್ ಮೈದಾನದಲ್ಲೋ ಮೇಜಿನ ಮೇಲೆ ಸಾಲಾಗಿ ಮಲಗಿಸಿ, ಕುಂಕುಮ ಇಟ್ಟು, ಚೆಂಡುಹೂವು ಏರಿಸಿದ ಬಂದೂಕುಗಳದ್ದು. ಮೊದಲನೆಯದನ್ನು ನೋಡಿ ಸುಮ್ಮನಾಗುತ್ತೇನೆ. ಎರಡನೆಯದನ್ನು ಬೆರಳಲ್ಲಿ ಹಿಗ್ಗಿಸಿ ನೋಡುತ್ತೇನೆ. ಹೂವನ್ನಲ್ಲ. ಯಾವ ಬಂದೂಕಿನ ಬೋಲ್ಟ್ (ಹಿಂದೆ ಮುಂದೆ ಜಾರಿ ನಳಿಗೆಯ ಹಿಂಬಾಗಿಲು ತೆರೆದು ಮುಚ್ಚುವ ಉಕ್ಕಿನ ತುಂಡು) ಎಲ್ಲಿದೆ, ಮ್ಯಾಗಜೀನ್ (ಗುಂಡು ತುಂಬುವ ಡಬ್ಬಿ) ಹಾಕಿದೆಯೋ ತೆಗೆದಿದೆಯೋ ಅಂತ. ಮನೆಯಲ್ಲಿ ಇದಕ್ಕೆ ನಗುತ್ತಾರೆ. ನಗಲಿ.

ಕಳೆದ ದಸರಾದಲ್ಲಿ ಅಕ್ಕನ ಮಗಳು ಪಕ್ಕದಲ್ಲಿ ಕೂತಿದ್ದಳು. ಅವಳು ಭಾನುವಾರ ಬೆಳಿಗ್ಗೆ 10 ಮೀಟರ್ ಏರ್ ರೈಫಲ್ ಕಲಿಯಲು ಹೋಗುತ್ತಾಳೆ. 2008ರಲ್ಲಿ ಅಭಿನವ್ ಬಿಂದ್ರಾ ಬೀಜಿಂಗ್‌ನಲ್ಲಿ ಚಿನ್ನ ಗೆದ್ದಾಗ ಅವಳು ಹುಟ್ಟಿರಲೇ ಇಲ್ಲ. ಆದರೂ ಆ ಚಿನ್ನದ ಪ್ರಭಾವ ಬೆಂಗಳೂರಿನ ಅಪ್ಪ-ಅಮ್ಮಂದಿರ ಮೇಲೆ ಇನ್ನೂ ಇದೆ. ಫೋಟೋದಲ್ಲಿದ್ದ ಹಳೇ 9 ಎಂಎಂ ಕಾರ್ಬೈನ್ (ಗಿಡ್ಡ ಆಟೊಮ್ಯಾಟಿಕ್ ಬಂದೂಕು) ಮೇಲೆ ಬೆರಳಿಟ್ಟು ಹೇಳಿದಳು: "ಮಾಮ, ಇಲ್ಲಿ ಇದೊಂದೇ ಸೇಫ್ ಆಗಿರೋದು ನೋಡಿ. ಬೋಲ್ಟ್ ಓಪನ್ ಇದೆ." ಅವಳ ಪಾಠದ ಪ್ರಕಾರ ಸರಿಯಾಗಿಯೇ ಹೇಳಿದ್ದಳು. ಅವಳ ರೇಂಜಿನಲ್ಲಿ ರೈಫಲ್ ಕೆಳಗಿಡುವಾಗ ತೆರೆದೇ ಇಡಬೇಕು, ಒಳಗೆ ಗಾಢ ಬಣ್ಣದ ಸೇಫ್ಟಿ ಫ್ಲ್ಯಾಗ್ ತೂರಿಸಬೇಕು. ದೂರದಿಂದ ನೋಡಿದವರಿಗೂ ಇದು ಖಾಲಿ ಅಂತ ಗೊತ್ತಾಗಬೇಕು. ಆದರೆ ಆ ಮೇಜಿನ ಮೇಲೆ ನನಗೆ ಕಸಿವಿಸಿ ಆಗಿದ್ದು ಆ ಒಂದು ಬಂದೂಕನ್ನು ನೋಡಿಯೇ. ಅದರ ಮ್ಯಾಗಜೀನ್ ಇರುವ ಎಡಬದಿಯನ್ನು ಹೂವಿನ ರಾಶಿ ಮುಚ್ಚಿತ್ತು. ಬಹುಶಃ ಖಾಲಿಯೇ ಇತ್ತು. ಆದರೆ ಫೋಟೋ ನೋಡಿ ಹಾಗಂತ ಹೇಳಲು ಬರುತ್ತಿರಲಿಲ್ಲ. ಬೋಲ್ಟ್ ಹಿಂದಿತ್ತು ಅಂದರೆ ಆ ಬಂದೂಕಿನ ಲೆಕ್ಕದಲ್ಲಿ ಅದು ಗುಂಡು ಹಾರಿಸಲು ತಯಾರಾಗಿ ನಿಂತ ಸ್ಥಿತಿ.

ಅವಳಿಗೆ ಅಲ್ಲೇ ವಿವರಿಸಲು ಹೋದೆ. ಊಟಕ್ಕೆ ಕರೆದರು, ಮಾತು ಅರ್ಧಕ್ಕೆ ನಿಂತಿತು. ಉಳಿದರ್ಧ ಇಲ್ಲಿದೆ.

ಅಜ್ಜನ ತೋಟಾ ಕೋವಿ

"ತೆರೆದಿದ್ದರೆ ಸೇಫ್" ಅನ್ನುವುದು ಅವಳ ಕೋಚ್ ಒಬ್ಬರ ಪಾಠ ಅಲ್ಲ. ನಾನೂ ಅದನ್ನೇ ಕಲಿತು ಬೆಳೆದವನು. ನಮ್ಮದು ತೀರ್ಥಹಳ್ಳಿ ಕಡೆ. ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಪಡೆದ ಒಂಟಿ ನಳಿಗೆಯ ತೋಟಾ ಕೋವಿ ಅಜ್ಜನ ಹತ್ತಿರ ಇತ್ತು. ಮಂಗ, ಕಾಡುಹಂದಿ ಓಡಿಸಲು ತೋಟಕ್ಕೆ ಹೋದವರು ವಾಪಸ್ ಬಂದರೆ ಅಂಗಳದಲ್ಲೇ ನಿಲ್ಲುತ್ತಿದ್ದರು. ಕೋವಿಯನ್ನು ನಡುವೆ ಬಗ್ಗಿಸಿ, ತೋಟಾ ತೆಗೆದು ಜೇಬಿಗೆ ಹಾಕಿ, ನಳಿಗೆಯ ಒಳಗಿಂದ ಆಕಾಶ ನೋಡಿ, ಆಮೇಲೆ ಜಗಲಿ ಹತ್ತುತ್ತಿದ್ದರು. ಕೋವಿ ಬಗ್ಗಿಸಿದ್ದಾಗ ನಾವು ಮಕ್ಕಳು ಹತ್ತಿರ ಹೋಗಬಹುದಿತ್ತು. ನೆಟ್ಟಗಿದ್ದಾಗ ಹೋದರೆ ಬೈಗುಳ. ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೆ ಒಪ್ಪಿಸಬೇಕಲ್ಲ, ಆಗಲೂ ಬಗ್ಗಿಸಿಯೇ ಮೇಜಿನ ಮೇಲಿಡುತ್ತಿದ್ದರು. ಠಾಣೆಯವರೂ ಅದನ್ನೇ ನೋಡುತ್ತಿದ್ದರು.

ಬೆಂಗಳೂರಿಗೆ ಓದಲು ಬಂದು ಎನ್‌ಸಿಸಿ ಸೇರಿದ ಮೇಲೂ ಇದೇ ಪಾಠ ಮುಂದುವರಿಯಿತು. .22 ರೈಫಲ್‌ನಲ್ಲಿ ಫೈರಿಂಗ್ ಮುಗಿದ ಕೂಡಲೇ 'ಖಾಲಿ ಕರ್'. ಬೋಲ್ಟ್ ಹಿಂದಕ್ಕೆಳೆದು, ಹಾಗೇ ತೆರೆದಿಟ್ಟು, ರೈಫಲ್ ನೆಲದ ಮೇಲೆ ಬಿಟ್ಟು ಏಳಬೇಕು. ಉಸ್ತಾದ್, ಅಂದರೆ ತರಬೇತಿ ಕೊಡುವವರು, ಬಂದು ಬಗ್ಗಿ ಚೇಂಬರ್ (ನಳಿಗೆಯ ಹಿಂತುದಿಯಲ್ಲಿ ಗುಂಡು ಕೂರುವ ಗೂಡು) ನೋಡುತ್ತಾರೆ. ಅಜ್ಜನ ಅಂಗಳಕ್ಕೂ ಈ ರೇಂಜಿಗೂ ವ್ಯತ್ಯಾಸವೇ ಇಲ್ಲ ಅನ್ನಿಸಿತ್ತು. ತೋಟಾ ಕೋವಿ, .22, ಸೇನೆ-ಪೊಲೀಸರ ರೈಫಲ್‌ಗಳಾದ ಎಸ್‌ಎಲ್‌ಆರ್, ಇನ್ಸಾಸ್, ಎಕೆ ಎಲ್ಲದರಲ್ಲೂ ಗುಂಡು ಹಾರುವ ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆ. ಗುಂಡು ಮೊದಲೇ ಚೇಂಬರ್‌ನಲ್ಲಿ ಕೂತು ಕಾಯುತ್ತದೆ. ಹಾಗಾಗಿ ಬಾಗಿಲು ತೆರೆದು, ಒಳಗೆ ಏನೂ ಇಲ್ಲ ಅಂತ ತೋರಿಸಿದರೆ ವಿಷಯ ಮುಗಿಯಿತು.

ಫೋಟೋದಲ್ಲಿದ್ದ ಕಾರ್ಬೈನ್‌ನಂಥ 'ಓಪನ್ ಬೋಲ್ಟ್' ಬಂದೂಕಿನಲ್ಲಿ ಮುಗಿಯುವುದಿಲ್ಲ. ಅಲ್ಲಿ ಬೋಲ್ಟ್ ಹಿಂದೆ ಸಿಯರ್ ಅನ್ನುವ ಕೊಕ್ಕೆಗೆ ಸಿಕ್ಕಿಕೊಂಡು, ಸ್ಪ್ರಿಂಗ್ ಒತ್ತಡದಲ್ಲಿ ಕಾಯುತ್ತಿರುತ್ತದೆ. ಚೇಂಬರ್ ಖಾಲಿ. ಟ್ರಿಗರ್ ಒತ್ತಿದರೆ ಕೊಕ್ಕೆ ಜಾರುತ್ತದೆ. ಬೋಲ್ಟ್ ಮುಂದಕ್ಕೆ ನುಗ್ಗುತ್ತದೆ. ದಾರಿಯಲ್ಲಿ ಮ್ಯಾಗಜೀನ್‌ನಿಂದ ಒಂದು ಗುಂಡನ್ನು ತಳ್ಳಿಕೊಂಡು ಹೋಗಿ ಚೇಂಬರ್‌ಗೆ ಕೂರಿಸುತ್ತದೆ. ಬ್ರಿಟನ್‌ನ ಸ್ಟೆನ್, ಸ್ಟರ್ಲಿಂಗ್ ಜಾತಿಯ ಕಾರ್ಬೈನ್‌ಗಳಲ್ಲಿ ಫೈರಿಂಗ್ ಪಿನ್ (ಗುಂಡಿನ ಹಿಂಬದಿಗೆ ಕುಟ್ಟುವ ಮೊಳೆ) ಅಂತ ಬೇರೆ ಓಡಾಡುವ ಭಾಗ ಇಲ್ಲ. ಬೋಲ್ಟ್‌ನ ಮುಖದಲ್ಲೇ ಒಂದು ಸಣ್ಣ ಉಬ್ಬು ಇರುತ್ತದೆ. ಹಾಗಾಗಿ ಗುಂಡು ಕೂರುವುದು, ಹಾರುವುದು ಎರಡೂ ಒಂದೇ ಏಟಿಗೆ. ಅಂದರೆ ಈ ಬಂದೂಕಿನಲ್ಲಿ ಬೋಲ್ಟ್ ಮುಚ್ಚುವುದೇ ಗುಂಡು ಹಾರಿಸುವುದು. ಅಜ್ಜನ ಪಾಠ ಪೂರ್ತಿ ತಿರುಗುಮುರುಗು.

ಇಂಥದ್ದನ್ನು ಯಾಕೆ ಮಾಡಿದರು ಅಂತ ಕೇಳಬಹುದು. ಒಂದು ಕಾರಣ ದುಡ್ಡು. ಸ್ಟೆನ್ ಹುಟ್ಟಿದ್ದು 1941ರಲ್ಲಿ, ಬ್ರಿಟನ್‌ಗೆ ಬೇಗ ಬೇಗ, ಅಗ್ಗವಾಗಿ, ರಾಶಿಗಟ್ಟಲೆ ಬಂದೂಕು ಬೇಕಾಗಿದ್ದ ಹೊತ್ತಲ್ಲಿ. ಒಂದು ಕೊಳವೆ, ಒಂದು ಭಾರದ ಬೋಲ್ಟ್, ಒಂದು ಸ್ಪ್ರಿಂಗ್. ಬೇರೆ ಬೇರೆ ಮಾದರಿ ಸೇರಿ ಸುಮಾರು 40 ಲಕ್ಷ ತಯಾರಾದವು. ಇನ್ನೊಂದು ಕಾರಣ ಶಾಖ. ಮಷಿನ್‌ಗನ್ ಒಂದೇ ಸಮನೆ ಹಾರಿಸಿದರೆ ಚೇಂಬರ್ ಕಾದು ಕೆಂಡ ಆಗುತ್ತದೆ. ಆ ಬಿಸಿಯಲ್ಲಿ ಗುಂಡನ್ನು ಸುಮ್ನೆ ಬಿಟ್ಟರೆ ಟ್ರಿಗರ್ ಮುಟ್ಟದೆಯೇ ಹಾರಿಬಿಡಬಹುದು. ಬೋಲ್ಟ್ ಹಿಂದೆ ನಿಂತರೆ ಚೇಂಬರ್ ಖಾಲಿ ಇರುತ್ತದೆ, ಗಾಳಿಯೂ ಆಡುತ್ತದೆ. ಬ್ರೆನ್ ಎಲ್‌ಎಂಜಿಯಾಗಲಿ (ಹಗುರ ಮಷಿನ್‌ಗನ್), ಕಾನ್ಪುರದಲ್ಲಿ ತಯಾರಾಗುವ ಎಂಎಂಜಿಯಾಗಲಿ (ಮಧ್ಯಮ ಮಷಿನ್‌ಗನ್) ಓಪನ್ ಬೋಲ್ಟ್ ಆಗಿರುವುದು ಇದಕ್ಕೇ. ಮಷಿನ್‌ಗನ್‌ಗೆ ಈ ವ್ಯವಸ್ಥೆ ನ್ಯಾಯವಾದದ್ದು ಅಂತಲೇ ನನ್ನ ಅಭಿಪ್ರಾಯ. ಆದರೆ ದಿನವಿಡೀ ಹೆಗಲಿಗೆ ನೇತು ಹಾಕಿಕೊಂಡು ಬ್ಯಾಂಕಿನ ಬಾಗಿಲಲ್ಲಿ ನಿಲ್ಲುವ ಪೊಲೀಸರ ಕೈಗೆ ಅದೇ ವ್ಯವಸ್ಥೆಯ ಕಾರ್ಬೈನ್ ಕೊಟ್ಟಿದ್ದು ಬೇರೆ ಮಾತು.

ಎರಡು ಕಾರ್ಬೈನ್, ಒಂದು ಪ್ರಶ್ನೆ

ಬೆಂಗಳೂರಿನಲ್ಲೇ ನಡೆದ ಎನ್‌ಸಿಸಿ ಕ್ಯಾಂಪ್ ಒಂದರಲ್ಲಿ ನಮಗೆ ಕಾರ್ಬೈನ್ ತೋರಿಸಲು ಒಬ್ಬ ಹವಾಲ್ದಾರರು ಬಂದಿದ್ದರು. ಬೆಳಗಾವಿ ಕಡೆಯವರು. ಹಿಂದಿಯಲ್ಲಿ ಶುರು ಮಾಡಿ, ನಮ್ಮ ಮುಖ ನೋಡಿ, ಕನ್ನಡಕ್ಕೆ ಬಂದರು. ನೀಲಗಿರಿ ಮರದ ಕೆಳಗೆ ಹಸಿರು ಟಾರ್ಪಾಲ್ ಹಾಸಿ ಅದರ ಮೇಲೆ ಎರಡು ಕಾರ್ಬೈನ್ ಮಲಗಿಸಿದರು. ಒಂದರ ಬೋಲ್ಟ್ ಹಿಂದೆ, ಇನ್ನೊಂದರದು ಮುಂದೆ. "ಯಾವ್ದು ಸೇಫ್ ಐತಿ, ಹೇಳ್ರಿ" ಅಂದರು.

ನಮ್ಮಲ್ಲಿ ಅರ್ಧ ಜನ, .22ರ ಅಭ್ಯಾಸದಲ್ಲಿ, ಹಿಂದಿರುವುದು ಅಂತ ಕೂಗಿದರು. ಮಡಿಕೇರಿ ಕಡೆಯ ಹುಡುಗನೊಬ್ಬ, ಮನೆಯಲ್ಲಿ ಕೋವಿ ನೋಡಿ ಬೆಳೆದವನು, ಎಲ್ಲರಿಗಿಂತ ಜೋರಾಗಿ ಕೂಗಿದ. ಮುಂದಿನ ಸಾಲಿನಲ್ಲಿ ಯಾರೋ ಮೊದಲೇ ಓದಿಕೊಂಡು ಬಂದಿದ್ದರು. ಅವರು ಮುಂದಿರುವುದು ಅಂದರು. ಹವಾಲ್ದಾರ್ ಸಾಹೇಬರು ಎರಡೂ ಗುಂಪಿಗೆ ಇಲ್ಲ ಅಂತ ತಲೆಯಾಡಿಸಿದರು. "ಎರಡೂ ಸೇಫ್ ಅದಾವ. ಯಾಕಂದ್ರ ಎರಡಕ್ಕೂ ಮ್ಯಾಗಜೀನ್ ಇಲ್ಲ, ಚೇಂಬರ್ ನಾನಽ ನೋಡೀನಿ. ನೀವು ಬೋಲ್ಟ್ ನೋಡಿ ಹೇಳಾಕತ್ತೀರಿ. ಬೋಲ್ಟ್ ನಿಮಗ ಏನೂ ಹೇಳೂದಿಲ್ಲ."

ಆಮೇಲೆ ಮುಂದೆ ಬೋಲ್ಟ್ ಇದ್ದ ಕಾರ್ಬೈನ್ ಎತ್ತಿಕೊಂಡರು. ಬಟ್ (ಹೆಗಲಿಗೆ ಆನಿಸುವ ಹಿಂತುದಿ) ಕೆಳಗೆ ಮಾಡಿ, ಗೇಣಷ್ಟು ಎತ್ತರದಿಂದ ನೆಲಕ್ಕೆ ಕುಟ್ಟಿದರು. ಬಲಗಡೆಯ ಕಾಕಿಂಗ್ ಹ್ಯಾಂಡಲ್, ಅಂದರೆ ಬೋಲ್ಟ್ ಎಳೆಯುವ ಹಿಡಿ, ತನ್ನ ಸೀಳಿನಲ್ಲಿ ಹಿಂದಕ್ಕೆ ಜಿಗಿದು 'ಟಕ್' ಅಂತ ವಾಪಸ್ ಬಂತು. ಟ್ರಿಗರ್ ಹತ್ತಿರ ಅವರ ಬೆರಳೇ ಇರಲಿಲ್ಲ. ಇನ್ನೊಮ್ಮೆ ಕುಟ್ಟಿದರು, ಸ್ವಲ್ಪ ಜೋರಾಗಿ. ಹ್ಯಾಂಡಲ್ ಇನ್ನೂ ದೂರ ಹೋಗಿ ಬಂತು. ನಮ್ಮ ಗುಂಪಿನಲ್ಲಿ ಆಗ ಮಾತು ನಿಂತಿತು.

ಬಿಎಂಟಿಸಿ ಬಸ್ಸಿನಲ್ಲಿ ಡ್ರೈವರ್ ಬ್ರೇಕ್ ಹಾಕಿದರೆ ನಿಂತವರೆಲ್ಲ ಮುಂದಕ್ಕೆ ವಾಲುತ್ತಾರಲ್ಲ, ಅದೇ ಲೆಕ್ಕ. ಬಂದೂಕು ಬಟ್ ಕೆಳಗಾಗಿ ಬಿದ್ದು ನೆಲಕ್ಕೆ ತಾಗಿದಾಗ ಬಂದೂಕು ನಿಲ್ಲುತ್ತದೆ, ಒಳಗಿನ ಬೋಲ್ಟ್ ನಿಲ್ಲುವುದಿಲ್ಲ. ಸ್ಪ್ರಿಂಗ್ ಒತ್ತಿಕೊಂಡು ಹಿಂದಕ್ಕೆ ಜಾರುತ್ತದೆ. ಕೊಕ್ಕೆಯವರೆಗೂ ಹೋದರೆ ಅಲ್ಲಿ ಸಿಕ್ಕಿಕೊಂಡು ನಿಲ್ಲಬಹುದು. ಅಷ್ಟು ದೂರ ಹೋಗದೆ, ಆದರೆ ಮ್ಯಾಗಜೀನ್‌ನ ಮೇಲಿನ ಗುಂಡನ್ನು ದಾಟಿದರೆ? ಸ್ಪ್ರಿಂಗ್ ಅದನ್ನು ಮುಂದಕ್ಕೆ ತಳ್ಳುತ್ತದೆ, ಗುಂಡು ಚೇಂಬರ್‌ಗೆ ಹೋಗುತ್ತದೆ, ಹಾರುತ್ತದೆ. ಎರಡನೇ ಮಹಾಯುದ್ಧದಲ್ಲಿ ಸ್ಟೆನ್‌ಗೆ ಕೆಟ್ಟ ಹೆಸರು ಬರಲು ಇದು ದೊಡ್ಡ ಕಾರಣ. (ಬೇಕಾದಾಗ ಹಾರದೆ ಕೈಕೊಟ್ಟ ಹೆಸರೂ ಅದಕ್ಕಿದೆ. 1942ರ ಮೇ 27ರಂದು ಪ್ರಾಗ್‌ನಲ್ಲಿ ನಾತ್ಸಿ ಅಧಿಕಾರಿ ಹೈಡ್ರಿಚ್‌ನನ್ನು ಕೊಲ್ಲಲು ಅವನ ಕಾರಿನ ಎದುರು ನಿಂತ ಚೆಕೊಸ್ಲೊವಾಕ್ ಸೈನಿಕ ಗಾಬ್ಚಿಕ್‌ನ ಸ್ಟೆನ್ ಹಾರಲೇ ಇಲ್ಲ. ಜೊತೆಗಿದ್ದವನು ಬಾಂಬ್ ಎಸೆಯಬೇಕಾಯಿತು.)

ಈಗ ಎರಡೂ ಕಡೆ ಸಿಕ್ಕಿಕೊಂಡ ಹಾಗಾಯಿತು ಅಲ್ವಾ? ತುಂಬಿದ ಮ್ಯಾಗಜೀನ್ ಹಾಕಿ ಬೋಲ್ಟ್ ಹಿಂದಿಟ್ಟರೆ ಟ್ರಿಗರ್‌ಗೆ ಏನಾದರೂ ಸಿಕ್ಕಿ ಎಳೆದರೆ, ಸವೆದ ಸಿಯರ್ ಏಟಿಗೆ ಜಾರಿದರೆ, ಗುಂಡು. ಬೋಲ್ಟ್ ಮುಂದಿಟ್ಟರೆ ಕೆಳಗೆ ಬಿದ್ದಾಗ ಗುಂಡು. ಮ್ಯಾಗಜೀನ್ ಇರುವ ತನಕ ಬೋಲ್ಟ್‌ಗೆ ಒಳ್ಳೆಯ ಜಾಗ ಅಂತ ಇಲ್ಲ.

ಇದು ತಯಾರಕರಿಗೂ ಬೇಗನೇ ಗೊತ್ತಾಯಿತು. ಮುಂದೆ ಬಂದ ಸ್ಟೆನ್‌ಗಳಲ್ಲಿ ಕಾಕಿಂಗ್ ಹ್ಯಾಂಡಲನ್ನು ಒಳಕ್ಕೆ ಒತ್ತಿದರೆ ಅದು ಎದುರಿನ ತೂತಿಗೆ ಸೇರಿ ಬೋಲ್ಟ್ ಮುಂದೆಯೇ ಬೀಗ ಬೀಳುತ್ತಿತ್ತು. ಜರ್ಮನ್ನರ ಎಂಪಿ40ಯದ್ದೂ ಅಂಥದ್ದೇ ಉಪಾಯ. ಅಮೆರಿಕದ ಎಂ3ಯಲ್ಲಿ ಖಾಲಿ ಕೇಸ್ ಹೊರಬರುವ ಕಿಂಡಿಗೆ ಒಂದು ಮುಚ್ಚಳ. ಅದನ್ನು ಮುಚ್ಚಿದರೆ ಮುಚ್ಚಳದ ಒಳಗಿನ ಗೂಟ ಬೋಲ್ಟನ್ನು ಅಲುಗಾಡದಂತೆ ಹಿಡಿಯುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಇಸ್ರೇಲಿನ ಊಜಿಯದ್ದು. ಹಿಡಿಯನ್ನು ಪೂರ್ತಿ ಮುಷ್ಟಿಯಲ್ಲಿ ಹಿಡಿಯದಿದ್ದರೆ ಅದು ಹಾರುವುದಿಲ್ಲ. ಬೋಲ್ಟ್ ಎಳೆಯುವಾಗ ಕೈ ಜಾರಿದರೂ ನಡುದಾರಿಯಲ್ಲಿ ಹಲ್ಲುಗಳು ತಡೆಯುತ್ತವೆ. ಬೆವರಿದ ಕೈ ಜಾರುತ್ತದೆ ಅಂತ ಮೊದಲೇ ಯೋಚಿಸಿ ಮಾಡಿದ್ದು.

ಕೆಳಗಿಡುವ ಕ್ರಮ

ಸಾಹೇಬರು ಆವತ್ತು ಕಲಿಸಿದ್ದರಲ್ಲಿ ನನ್ನ ತಲೆಯಲ್ಲಿ ಉಳಿದದ್ದು ಕ್ರಮ. ಮೊದಲು ನಳಿಗೆ ಯಾರೂ ಇಲ್ಲದ ಕಡೆಗೆ, ಬೆರಳು ಟ್ರಿಗರ್‌ನಿಂದ ಹೊರಗೆ. ಆಮೇಲೆ ಬೇರೆ ಏನನ್ನೂ ಮುಟ್ಟದೆ ಮ್ಯಾಗಜೀನ್ ತೆಗೆಯಬೇಕು. ಬಂದೂಕಿನ ಭಾಗಗಳಲ್ಲಿ ಮೊದಲು ಕೈ ಹಾಕಬೇಕಾದದ್ದು ಇದಕ್ಕೇ. ಸಾಮಾನ್ಯ ರೈಫಲ್‌ನಲ್ಲಿ ಕ್ರಮ ತಪ್ಪಿ, ಮೊದಲು ಬೋಲ್ಟ್ ಎಳೆದು ಆಮೇಲೆ ಮ್ಯಾಗಜೀನ್ ತೆಗೆದರೆ ಚೇಂಬರ್‌ನಲ್ಲಿ ಒಂದು ಗುಂಡು ಉಳಿಯುತ್ತದೆ. ಅಪಾಯವೇ, ಆದರೆ ಕಂಡುಹಿಡಿಯಲು ಇನ್ನೊಂದು ಅವಕಾಶ ಇರುತ್ತದೆ. ಓಪನ್ ಬೋಲ್ಟ್‌ನಲ್ಲಿ ಮ್ಯಾಗಜೀನ್ ಇದ್ದಾಗಲೇ ಬೋಲ್ಟನ್ನು ಮುಂದೆ ಬಿಟ್ಟರೆ ಆ ಇನ್ನೊಂದು ಅವಕಾಶ ಸಿಗುವುದಿಲ್ಲ.

ಮ್ಯಾಗಜೀನ್ ಹೊರಗೆ ಬಂದ ಮೇಲೆ ಬೋಲ್ಟನ್ನು ಹಿಂದಕ್ಕೆಳೆದು ಹಿಡಿದು ಒಳಗೆ ನೋಡಬೇಕು. ಇಲ್ಲಿ ನಮ್ಮಲ್ಲೊಬ್ಬ ಜಾಣ ಪ್ರಶ್ನೆ ಕೇಳಿದ: ಬೋಲ್ಟ್ ಹಿಂದಿದ್ದಾಗ ಚೇಂಬರ್ ಹೇಗೂ ಖಾಲಿ ಇರುತ್ತಲ್ಲ, ನೋಡುವುದು ಯಾಕೆ? ಒಳ್ಳೆಯ ಪ್ರಶ್ನೆ. ಹೆಚ್ಚಿನ ಸಲ ಖಾಲಿಯೇ ಇರುತ್ತದೆ. ಆದರೆ ಹಾರದೇ ಉಳಿದ ಗುಂಡು ಕೆಲವೊಮ್ಮೆ ಬೋಲ್ಟ್ ಜೊತೆ ಹೊರಗೆ ಬರದೆ ಚೇಂಬರ್‌ನಲ್ಲೇ ಕಚ್ಚಿಕೊಂಡಿರುತ್ತದೆ. ಬೋಲ್ಟ್‌ನ ಮುಖದ ಉಬ್ಬು ಅಲ್ಲೇ ಇದೆಯಲ್ಲ, ಬೋಲ್ಟ್ ಮತ್ತೆ ಮುಂದೆ ಹೋಗಿ ಬಡಿದರೆ ಅದು ಹಾರಬಹುದು. ಹಾಗಾಗಿ ಕಣ್ಣಲ್ಲಿ ನೋಡಬೇಕು, ಕತ್ತಲಿದ್ದರೆ ಬೆರಳು ಹಾಕಿ ಮುಟ್ಟಬೇಕು. ಮುಟ್ಟುವಾಗ ಬೋಲ್ಟ್ ಗಟ್ಟಿಯಾಗಿ ನಿಂತಿದೆ ಅಂತ ಖಾತ್ರಿ ಇರಬೇಕು, ಇಲ್ಲದಿದ್ದರೆ ಬೆರಳು ಹೋಗುತ್ತದೆ.

ಕೊನೆಯ ಹೆಜ್ಜೆ ಹೊಸಬರಿಗೆ ವಿಚಿತ್ರ ಅನ್ನಿಸುತ್ತದೆ. ಒಂದು ಕೈಯಲ್ಲಿ ಕಾಕಿಂಗ್ ಹ್ಯಾಂಡಲ್ ಬಿಗಿಯಾಗಿ ಹಿಡಿದು, ಇನ್ನೊಂದು ಕೈಯಲ್ಲಿ ಟ್ರಿಗರ್ ಒತ್ತಿ, ಬೋಲ್ಟನ್ನು ಮೆಲ್ಲಗೆ ಮುಂದಕ್ಕೆ ಬಿಟ್ಟುಕೊಡಬೇಕು. ಧಡಾರನೆ ಬಿಡಬಾರದು. ಬಂದೂಕು ಎತ್ತಿಡುವ ಹೊತ್ತಿನಲ್ಲಿ ಟ್ರಿಗರ್ ಒತ್ತುವುದು ಅಂದರೆ ಎಲ್ಲ ಪಾಠಕ್ಕೂ ವಿರುದ್ಧ ಅನ್ನಿಸುತ್ತದೆ. ಅದಕ್ಕೇ ನಳಿಗೆ ಎಲ್ಲಿದೆ, ಒಳಗೆ ನೋಡಿದ್ದೀಯಾ ಅನ್ನುವ ಎರಡು ಪ್ರಶ್ನೆ ಅದಕ್ಕೂ ಮೊದಲೇ ಮುಗಿದಿರಬೇಕು. ಈಗ ಸ್ಪ್ರಿಂಗ್ ಸಡಿಲವಾಗಿದೆ, ಕಿಂಡಿಯಿಂದ ದೂಳು ಹೋಗುವುದಿಲ್ಲ, ಬಿದ್ದರೂ ತಳ್ಳಲು ಗುಂಡಿಲ್ಲ. ಆಮೇಲೆ ಸೇಫ್ಟಿ, ಅಂದರೆ ಬಂದೂಕು ಹಾರದಂತೆ ತಡೆಯುವ ಕೀಲಿ. ಸೇಫ್ಟಿಯನ್ನು ಸಾಹೇಬರು ಕೊನೆಗೆ ಹೇಳಿದರು, ಅದೂ ಅವಸರದಲ್ಲಿ. ಬೇಕಂತಲೇ ಇರಬೇಕು.

ಕೈಯ ಅಭ್ಯಾಸ

ನಮ್ಮ ಬೀದಿಯ ಕೊನೆಯಲ್ಲಿ ಒಬ್ಬ ನಿವೃತ್ತ ಪೊಲೀಸ್ ಆರ್ಮರರ್ (ಆಯುಧ ರಿಪೇರಿ ಮಾಡಿ ನೋಡಿಕೊಳ್ಳುವವರು) ಇದ್ದಾರೆ. ಬೆಳಿಗ್ಗೆ ಹಾಲಿನ ಬೂತಿನಲ್ಲಿ ಸಿಗುತ್ತಾರೆ. ಅವರ ಹತ್ತಿರ ಈ ವಿಷಯ ತೆಗೆದರೆ ಹಾಲು ಒಡೆಯುವ ತನಕ ಮಾತಾಡುತ್ತಾರೆ. ಅವರು ಹೇಳಿದ ಒಂದು ಮಾತು ನನಗೆ ಹೊಳೆದಿರಲಿಲ್ಲ. "ಕಾರ್ಬೈನ್ ಒಂದೇ ಇದ್ದರೆ ತೊಂದರೆ ಇಲ್ಲ ಸಾರ್. ಬೆಲ್ ಆಫ್ ಆರ್ಮ್ಸ್‌ನಲ್ಲಿ, ಅದೇ ನಮ್ಮ ಆಯುಧ ಕೊಠಡಿಯಲ್ಲಿ, ಎಲ್ಲಾ ಥರದ್ದೂ ಇರುತ್ತೆ. ಇವತ್ತು ಎಸ್‌ಎಲ್‌ಆರ್, ನಾಳೆ ಎಕೆ, ನಾಡಿದ್ದು ಕಾರ್ಬೈನ್. ಮನುಷ್ಯ ಅವನೇ, ಕೈ ಅದೇ."

ಅವರು ಹೇಳಿದ್ದು ಇಷ್ಟು. ಎಕೆ ಹಿಡಿದವನು ಚೇಂಬರ್ ಖಾಲಿಯಾ ಅಂತ ನೋಡಲು ಬೋಲ್ಟ್ ಎಳೆದು ಬಿಡುತ್ತಾನೆ. ಅದು ಅವನ ಕೈಗೆ ಅಂಟಿದ ಅಭ್ಯಾಸ. ಅದೇ ಕೈ ಮ್ಯಾಗಜೀನ್ ಇರುವ ಕಾರ್ಬೈನ್‌ನ ಬೋಲ್ಟನ್ನು ಎಳೆದು ಬಿಟ್ಟರೆ, ಅವನು ತಪಾಸಣೆ ಮಾಡಿದ್ದೇನೆ ಅಂದುಕೊಳ್ಳುತ್ತಾನೆ. ನಿಜವಾಗಿ ಅವನು ಅದನ್ನು ತಯಾರು ಮಾಡಿ ಇಟ್ಟಿರುತ್ತಾನೆ. ಪೂರ್ತಿ ಎಳೆಯದೆ ನಡುವೆ ಕೈ ಜಾರಿದರೆ ಇನ್ನೂ ಕೆಟ್ಟದ್ದು, ಕೊಕ್ಕೆ ಹಿಡಿಯುವ ಮೊದಲೇ ಬೋಲ್ಟ್ ವಾಪಸ್ ಹೋಗುತ್ತದೆ, ಗುಂಡನ್ನೂ ಕರೆದುಕೊಂಡು. ಸೆಂಟ್ರಿ ಬದಲಾಗುವ ಹೊತ್ತು ಇದಕ್ಕೆ ಹೇಳಿ ಮಾಡಿಸಿದ ಸಮಯ. ಒಬ್ಬನಿಗೆ ಮನೆಗೆ ಹೋಗುವ ಅವಸರ, ಇನ್ನೊಬ್ಬನಿಗೆ ಇನ್ನೂ ನಿದ್ದೆಗಣ್ಣು. "ಖಾಲಿ ಇದೆ ತಗೋ" ಅಂತ ಒಬ್ಬ ಕೊಡುತ್ತಾನೆ. ತಗೊಂಡವನು ಮರಳು ತುಂಬಿದ ಪೆಟ್ಟಿಗೆ ಕಡೆ ನಳಿಗೆ ಮಾಡಿ ಮೊದಲಿಂದ ಕೊನೆಯವರೆಗೆ ತಾನೇ ಇನ್ನೊಮ್ಮೆ ನೋಡಬೇಕು. ಕೊಟ್ಟವನು ಎಷ್ಟೇ ಹಿರಿಯನಾದರೂ. ನಮ್ಮಲ್ಲಿ ಹಿರಿಯರ ಮುಂದೆ ಹಾಗೆ ಪರೀಕ್ಷೆ ಮಾಡುವುದು ಅಪನಂಬಿಕೆ ತೋರಿಸಿದ ಹಾಗೆ ಅಂತ ಹೊಸಬರು ಹಿಂಜರಿಯುತ್ತಾರೆ ಅಂದರು. ಅವರ ಮಾತಿನಲ್ಲಿ, ಬಂದೂಕಿಗಿಂತ ಈ ಸಂಕೋಚ ಬಿಡಿಸುವುದೇ ಜಾಸ್ತಿ ಕಷ್ಟದ ಕೆಲಸವಾಗಿತ್ತು.

ಇದನ್ನೆಲ್ಲ ಓದಿ, ನಮಗ್ಯಾಕೆ ಇದು ಅನ್ನಿಸಬಹುದು. 1959ರ ಆಯುಧ ಕಾಯ್ದೆಯಲ್ಲಿ ಆಟೊಮ್ಯಾಟಿಕ್ ಬಂದೂಕು ನಿಷೇಧಿತ ಆಯುಧ. ನಿಮಗೂ ನನಗೂ ಅದಕ್ಕೆ ಲೈಸೆನ್ಸ್ ಸಿಗುವುದಿಲ್ಲ, ಸಿಗಲೂಬಾರದು. ಪೊಲೀಸರಲ್ಲೂ ಸೇನೆಯಲ್ಲೂ ಹೊಸ ಆಯುಧಗಳು ಬರುತ್ತಿವೆ, ಹಳೇ ಕಾರ್ಬೈನ್‌ಗಳು ಕಪಾಟು ಸೇರುತ್ತಿವೆ. ನನ್ನ ಚಿಂತೆ ಶುರುವಾಗುವುದು ಅಲ್ಲೇ. ದಿನಾ ಹಿಡಿಯುತ್ತಿದ್ದವರ ಕೈಗೆ ಇದರ ತಿರುಗುಮುರುಗು ಗೊತ್ತಿತ್ತು. ಇನ್ನು ಮುಂದೆ ಇದನ್ನು ಮುಟ್ಟುವವರು ವರ್ಷಕ್ಕೊಮ್ಮೆ ಪೂಜೆಗೆ ಹೊರಗೆ ತೆಗೆಯುವವರು, ಮ್ಯೂಸಿಯಂನ ಗಾಜಿನ ಪೆಟ್ಟಿಗೆ ಒರೆಸುವವರು, ಎಲ್ಲೋ ದಾಳಿಯಲ್ಲಿ ಸಿಕ್ಕಿದ ನಾಡ ಕಾರ್ಬೈನನ್ನು ಠಾಣೆಗೆ ಹೊತ್ತು ತರುವವರು. ಅವರ ಕೈಗಳು ಕಲಿತಿರುವುದು ಇನ್ಸಾಸ್, ಪಿಸ್ತೂಲು, ಏರ್ ರೈಫಲ್. ಎಲ್ಲದರಲ್ಲೂ ತೆರೆದಿದ್ದರೆ ಸೇಫ್.

ವಶಪಡಿಸಿಕೊಂಡ ವಸ್ತುಗಳನ್ನು ಇಡುವ ಮುದ್ದೆಮಾಲು ಕೊಠಡಿಯ ಬಗ್ಗೆ ಆರ್ಮರರ್ ಸಾಹೇಬರನ್ನು ಕೇಳಿದೆ. ಅಲ್ಲಿಗೆ ಬರುವ ಬಂದೂಕು ಸಿಕ್ಕಿದ ಸ್ಥಿತಿಯಲ್ಲೇ ಬರುತ್ತದೆ, ಯಾರು ತುಂಬಿದರೋ, ಯಾರು ಎಳೆದರೋ ಗೊತ್ತಿರುವುದಿಲ್ಲ. ಅವರನ್ನು ಕರೆಸಿದರೆ ಮೊದಲು ಎಲ್ಲರನ್ನೂ ಹೊರಗೆ ಕಳಿಸಿ, ಒಬ್ಬರೇ ಕೂತು ಬಿಚ್ಚುತ್ತಿದ್ದರಂತೆ. ಕೆಲಸ ಮುಗಿದ ಮೇಲೆ ಟ್ರಿಗರ್ ಗಾರ್ಡ್‌ಗೆ ಒಂದು ಚೀಟಿ ಕಟ್ಟುತ್ತಿದ್ದರು. ಅದರಲ್ಲಿ ತಾರೀಖು, ಸಹಿ, 'ಮ್ಯಾಗಜೀನ್ ಬೇರೆ ಇದೆ', 'ಚೇಂಬರ್ ನೋಡಿದೆ' ಅಂತ ಇರುತ್ತಿತ್ತು. ಕೈಕೆಳಗಿನ ಹುಡುಗರು ಕೆಲವೊಮ್ಮೆ ಜೊತೆಗೆ 'ಬೋಲ್ಟ್ ಮುಂದಿದೆ' ಅಂತಲೂ ಬರೆಯುತ್ತಿದ್ದರಂತೆ. ಅದನ್ನು ಮಾತ್ರ ಇವರು ಹೊಡೆದು ಹಾಕಿಸುತ್ತಿದ್ದರು. "ಯಾಕೆ ಸಾರ್, ನಿಜ ತಾನೇ ಅದು?" ಅಂದೆ. "ನಿಜಾನೇ. ಅದನ್ನ ಓದಿದವನು ಆಮೇಲೆ ಬೋಲ್ಟ್ ಮುಂದಿರೋದೆಲ್ಲಾ ಖಾಲಿ ಅಂದ್ಕೋತಾನೆ" ಅಂದು ಹಾಲಿನ ಪ್ಯಾಕೆಟ್ ತಗೊಂಡು ಹೊರಟರು.